ಅರವತ್ತಕ್ಕೆ ಅರಳು ಮರುಳು: ಒಂದು ಗಾದೆಯ ಮೇಲೆ ನನ್ನ ತಕರಾರು

"ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎನ್ನುತ್ತಾರೆ. ಇದು ಸ್ವತಃ ಒಂದು ಗಾದೆಯಾದ್ದರಿಂದ, ತನ್ನ ಮೊಕದ್ದಮೆಗೆ ತಾನೇ ಸಾಕ್ಷಿ ನುಡಿಯುವ ಆಸಾಮಿಯನ್ನು ಎಷ್ಟು ನಂಬಬಹುದೋ ಇದನ್ನೂ ಅಷ್ಟೇ ನಂಬಬೇಕು. ನಾನು ಗಣಿತದ ಮೇಷ್ಟ್ರು. ಗಾದೆಗಳನ್ನು ವಿಸ್ತರಿಸಿ ಬರೆಸುವ ಕೆಲಸ ಪಕ್ಕದ ಕೊಠಡಿಯ ಕನ್ನಡ ಪಂಡಿತರದಾಗಿತ್ತು. ಅಲ್ಲಿ ಮಕ್ಕಳು ಗಾದೆ ಸರಿಯೆಂದು ಒಪ್ಪಿಕೊಂಡೇ ವಿಸ್ತರಿಸಬೇಕು. ತಪ್ಪೆಂದು ವಾದಿಸಿದವನಿಗೆ ಅಂಕ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಈಗ ನನಗೆ ಅಂಕದ ಹಂಗಿಲ್ಲ. ಆದ್ದರಿಂದ ಒಂದು ಗಾದೆಯನ್ನು ತಪ್ಪೆಂದೇ ವಿಸ್ತರಿಸಲು ಹೊರಟಿದ್ದೇನೆ: ಅರವತ್ತಕ್ಕೆ ಅರಳು ಮರುಳು.

ಬರಿಯ ತಪ್ಪಲ್ಲ, ಇದು ಮನೆಮನೆಗಳಲ್ಲಿ ಹಾನಿ ಮಾಡುತ್ತಿರುವ ಗಾದೆ ಎಂಬುದು ನನ್ನ ವಾದ. ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಹಲವರು ಈಗ ನಲವತ್ತು ಐವತ್ತರ ಆಸುಪಾಸಿನಲ್ಲಿದ್ದೀರಿ. ದೂರವಾಣಿಯಲ್ಲಿ ಮಾತನಾಡುವಾಗ "ಸಾರ್, ಈಗೀಗ ಯಾರ ಹೆಸರೂ ನೆನಪಿಗೆ ಬರುವುದಿಲ್ಲ, ನನಗೂ ಶುರುವಾಯಿತು" ಎಂದು ನಗುತ್ತೀರಿ. ಆ ನಗುವಿನ ಹಿಂದೆ ಸಣ್ಣದೊಂದು ಭಯವಿರುವುದು ನನಗೆ ಕೇಳಿಸುತ್ತದೆ. ಇನ್ನು ನನ್ನ ಸರೀಕರೋ, ಏನು ಹೊಸತು ಬಂದರೂ "ನಮಗೆಲ್ಲಿ ಹತ್ತುತ್ತದೆ, ಅರಳು ಮರುಳಿನ ಕಾಲ" ಎಂದು ಕೈಮುಗಿದುಬಿಡುತ್ತಾರೆ. ಪರೀಕ್ಷೆಗೆ ಕೂರದೆಯೇ ನಪಾಸಾಗುವವರನ್ನು ಶಾಲೆಯಲ್ಲಿಯೂ ನೋಡಿದ್ದೆ, ಇಲ್ಲಿಯೂ ನೋಡುತ್ತಿದ್ದೇನೆ.

ವಿನೋದವೊಂದಿದೆ. ನಮ್ಮ ರಾಜ್ಯದ ಸರ್ಕಾರಿ ನೌಕರರು 2008ರವರೆಗೆ 58ಕ್ಕೆ ನಿವೃತ್ತರಾಗುತ್ತಿದ್ದರು. ಆ ವರ್ಷ ಅದನ್ನು 60ಕ್ಕೆ ಏರಿಸಿದರು. ಅಂದರೆ ಒಂದು ಸರ್ಕಾರಿ ಆದೇಶದಿಂದ ಲಕ್ಷಾಂತರ ಮಂದಿಯ ಬುದ್ಧಿಗೆ ಎರಡು ವರ್ಷಗಳ ವಾಯಿದೆ ದೊರೆಯಿತು! ಹೈಕೋರ್ಟಿನ ನ್ಯಾಯಾಧೀಶರಿಗೆ ಅದು 62ರವರೆಗೆ ಸರಿಯಿರುತ್ತದೆ, ಸುಪ್ರೀಂ ಕೋರ್ಟಿನವರಿಗೆ 65ರವರೆಗೆ. ಮಂತ್ರಿಗಳಿಗೆ ಮಾತ್ರ ಯಾವ ಮಿತಿಯೂ ಇಲ್ಲ. ಈ ಅಂಕಿಗಳು ಆಡಳಿತದ ಅನುಕೂಲಕ್ಕೆ ಹಾಕಿದ ಗೆರೆಗಳು. ಆದರೆ ನಾವು ಅವನ್ನೇ ತಲೆಬುರುಡೆಯೊಳಗೂ ಎಳೆದುಕೊಂಡಿದ್ದೇವೆ.

"ಗಾದೆ ಹಾಗಿರಲಿ, ವಿಜ್ಞಾನವೂ ಅದನ್ನೇ ಹೇಳುತ್ತದಲ್ಲ?" ಎಂದು ಕೇಳುವವರುಂಟು. ವಿಜ್ಞಾನವು ಒಂದು ಕಾಲದಲ್ಲಿ ಹಾಗೆಂದದ್ದು ನಿಜ. ಮೊದಲನೆಯ ಮಹಾಯುದ್ಧದ ಸಮಯದಲ್ಲಿ, 1917–18ರಲ್ಲಿ, ಅಮೆರಿಕದ ಸೈನ್ಯವು ರಾಬರ್ಟ್ ಯರ್ಕ್ಸ್ ಎಂಬ ಮನೋವಿಜ್ಞಾನಿಯ ಮುಂದಾಳುತನದಲ್ಲಿ ಸುಮಾರು ಹದಿನೇಳು ಲಕ್ಷ ಜನರ ಬುದ್ಧಿಯನ್ನು ಪರೀಕ್ಷಿಸಿತು. 1921ರಲ್ಲಿ ಹೊರಬಂದ ವರದಿಯಲ್ಲಿ ವಯಸ್ಸಾದ ಅಧಿಕಾರಿಗಳ ಅಂಕಗಳು ಎಳೆಯರಿಗಿಂತ ಕಡಿಮೆ ಇದ್ದವು. ಮುಂದೆ 1939ರಲ್ಲಿ ತಮ್ಮ ಪ್ರಸಿದ್ಧ ಬುದ್ಧಿಮಾಪನವನ್ನು ರೂಪಿಸಿದ ಡೇವಿಡ್ ವೆಕ್ಸ್ಲರ್ ಕೂಡ, ಇಪ್ಪತ್ತರ ದಶಕ ದಾಟುತ್ತಿದ್ದಂತೆಯೇ ಮನುಷ್ಯನ ಬುದ್ಧಿ ಇಳಿಮುಖವಾಗುತ್ತದೆ ಎಂದು ನಂಬಿದ್ದರು.

ಇಲ್ಲಿರುವ ದೋಷವೇನೆಂದು ನಮ್ಮ ದೇಶದ ಲೆಕ್ಕದಿಂದಲೇ ತೋರಿಸುತ್ತೇನೆ. 1951ರ ಜನಗಣತಿಯಲ್ಲಿ ಭಾರತದ ಸಾಕ್ಷರರು ನೂರಕ್ಕೆ 18. 2011ರಲ್ಲಿ ನೂರಕ್ಕೆ ಸುಮಾರು 73. ಈಗ ಯಾವುದೋ ಪರದೇಶಿಯು ಒಂದು ಹಳ್ಳಿಗೆ ಬಂದು, ಒಂದೇ ದಿನ, ಎಲ್ಲ ವಯಸ್ಸಿನವರ ಕೈಗೂ ಪತ್ರಿಕೆ ಕೊಟ್ಟು ಓದಿಸಿದನೆನ್ನಿ. ಇಪ್ಪತ್ತರವರು ಸರಾಗವಾಗಿ ಓದುತ್ತಾರೆ, ಐವತ್ತರವರು ತಡವರಿಸುತ್ತಾರೆ, ಎಂಬತ್ತರ ಅಜ್ಜಿಯರು ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿಯುತ್ತಾರೆ. ಆತ ಊರಿಗೆ ಮರಳಿ "ಭಾರತೀಯರು ವಯಸ್ಸಾದಂತೆ ಅಕ್ಷರಗಳನ್ನು ಮರೆಯುತ್ತಾರೆ" ಎಂದು ಬರೆದರೆ ನಾವು ನಗುವುದಿಲ್ಲವೆ? ಅಜ್ಜಿ ಮರೆಯಲಿಲ್ಲ, ಅವಳಿಗೆ ಯಾರೂ ಕಲಿಸಲಿಲ್ಲ. ಸೈನ್ಯದ ಪರೀಕ್ಷೆಯಲ್ಲಿ ನಡೆದದ್ದರ ದೊಡ್ಡ ಭಾಗ ಇದೇ. ಬೇರೆ ಬೇರೆ ಕಾಲದಲ್ಲಿ ಹುಟ್ಟಿ, ಬೇರೆ ಬೇರೆ ಬಗೆಯ ಶಾಲೆ ಕಂಡವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಅವರ ನಡುವಣ ವ್ಯತ್ಯಾಸಕ್ಕೆಲ್ಲ ಮುಪ್ಪೇ ಕಾರಣವೆಂದರು.

ಸರಿಯಾದ ದಾರಿ ಯಾವುದು? ಒಬ್ಬನೇ ವ್ಯಕ್ತಿಯನ್ನು ವರ್ಷಗಟ್ಟಲೆ ಹಿಂಬಾಲಿಸುವುದು. ಕೆ. ವಾರ್ನರ್ ಶೈ ಎಂಬವರು 1956ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಸುಮಾರು 500 ಜನರೊಂದಿಗೆ ಇಂಥ ಅಧ್ಯಯನವನ್ನು ಆರಂಭಿಸಿದರು. ಏಳು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸುತ್ತ, ಪ್ರತಿ ಸಲವೂ ಹೊಸಬರನ್ನು ಸೇರಿಸಿಕೊಳ್ಳುತ್ತ ದಶಕಗಳ ಕಾಲ ಅದನ್ನು ನಡೆಸಿದರು. ಕಂಡುಬಂದದ್ದೇನೆಂದರೆ, ಶಬ್ದಗಳ ಅರಿವು, ತರ್ಕ, ಮಾತಿನ ಗ್ರಹಿಕೆ ಮೊದಲಾದ ಬಹುಪಾಲು ಶಕ್ತಿಗಳು ಅರವತ್ತರವರೆಗೆ ಗಮನಾರ್ಹವಾಗಿ ಕುಗ್ಗುವುದಿಲ್ಲ. ಕೆಲವು ನಡುವಯಸ್ಸಿನಲ್ಲಿಯೇ ಉತ್ತುಂಗಕ್ಕೇರುತ್ತವೆ. ಅರವತ್ತರ ನಂತರ ಇಳಿತ ಮೆಲ್ಲನೆ ಆರಂಭವಾಗುತ್ತದೆ, ಎಂಬತ್ತರ ಹೊತ್ತಿಗೆ ಬಹುತೇಕರಲ್ಲಿ ಎದ್ದುಕಾಣುತ್ತದೆ. ಗಾದೆ ಹೇಳುವ ಹಾಗೆ ಅರವತ್ತಕ್ಕೆ ಬಾಗಿಲು ಮುಚ್ಚುವುದಿಲ್ಲ.

ಎದುರು ಪಕ್ಷದ ಮಾತನ್ನೂ ಹೇಳಬೇಕು. ಟಿಮೊತಿ ಸಾಲ್ಟ್‌ಹೌಸ್ ಎಂಬ ವಿದ್ವಾಂಸರು, ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದವನಿಗೆ ಅಭ್ಯಾಸಬಲದಿಂದ ಅಂಕ ಹೆಚ್ಚುತ್ತದೆ, ಅದು ನಿಜವಾದ ಇಳಿತವನ್ನು ಮುಚ್ಚಿಬಿಡುತ್ತದೆ ಎಂದು ವಾದಿಸಿದರು; ಕೆಲವು ಶಕ್ತಿಗಳ ಇಳಿತವು ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿಯೇ ಆರಂಭವಾಗುತ್ತದೆ ಎಂದು 2009ರಲ್ಲಿ ಬರೆದರು. ಒಪ್ಪತಕ್ಕ ಆಕ್ಷೇಪಣೆಯೇ. ಪೂರ್ವಸಿದ್ಧತಾ ಪರೀಕ್ಷೆ ಬರೆಸಿದ ಯಾವ ಮೇಷ್ಟ್ರಿಗೂ ಅದು ಅರ್ಥವಾಗುತ್ತದೆ. ಆದರೆ ಇದರಿಂದ ಗಾದೆಗೆ ಬಲ ಬರುವುದಿಲ್ಲ, ಅದರ ಸೊಂಟವೇ ಮುರಿಯುತ್ತದೆ. ಇಳಿತ ಇಪ್ಪತ್ತೈದಕ್ಕೇ ಶುರುವೆಂದರೆ ಅರವತ್ತನ್ನು ಮಾತ್ರ ಹಳಿಯುವುದೇಕೆ? ಇಪ್ಪತ್ತೈದರ ಇಂಜಿನಿಯರನಿಗೆ "ಅರಳು ಮರುಳು" ಎನ್ನುವ ಧೈರ್ಯ ಯಾರಿಗಿದೆ?

ವಾಸ್ತವವಾಗಿ "ಬುದ್ಧಿ" ಎಂಬ ಒಂದೇ ಪದಾರ್ಥ ಇಲ್ಲ. ರೇಮಂಡ್ ಕ್ಯಾಟೆಲ್ ಮತ್ತು ಜಾನ್ ಹಾರ್ನ್ 1960ರ ದಶಕದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದರು. ಹಿಂದೆಂದೂ ಕಾಣದ ಒಗಟನ್ನು ಥಟ್ಟನೆ ಬಿಡಿಸುವ ಹರಿಯುವ ಬುದ್ಧಿ ಒಂದು. ಓದಿ, ಅನುಭವಿಸಿ, ವರ್ಷಗಳಿಂದ ಕೂಡಿಟ್ಟ ಹರಳುಗಟ್ಟಿದ ಬುದ್ಧಿ ಇನ್ನೊಂದು. ಮೊದಲನೆಯದು ಬೇಗ ಇಳಿಯುತ್ತದೆ, ಎರಡನೆಯದು ಬಹುಕಾಲ ಬೆಳೆಯುತ್ತದೆ. (ನಮ್ಮ ಸೀಮೆಯ ಆಡುಮಾತಿನಲ್ಲಿ ಹಕಾರ ನುಂಗಿ ಹೋಗುವುದರಿಂದ, ಗಾದೆಯ "ಅರಳು" ನಿಜವಾಗಿ ಈ "ಹರಳು" ಆಗಿದ್ದರೆ ಎಷ್ಟು ಚೆನ್ನಿತ್ತು ಎಂದು ತಮಾಷೆಗೆ ಅಂದುಕೊಳ್ಳುತ್ತೇನೆ. ಪಂಡಿತರು ಕ್ಷಮಿಸಲಿ.) 2015ರಲ್ಲಿ ಹಾರ್ಟ್ಸ್‌ಹಾರ್ನ್ ಮತ್ತು ಜರ್ಮೈನ್ ಎಂಬಿಬ್ಬರು ಸುಮಾರು ಐವತ್ತು ಸಾವಿರ ಜನರ ಅಂಕಗಳನ್ನು ಅಭ್ಯಸಿಸಿ, ಎಲ್ಲ ಶಕ್ತಿಗಳೂ ಒಟ್ಟಿಗೆ ಶಿಖರ ಮುಟ್ಟುವ ವಯಸ್ಸೇ ಇಲ್ಲವೆಂದು ತೋರಿಸಿದರು. ಚಕಚಕನೆ ಸಂಕೇತಗಳನ್ನು ಹೊಂದಿಸುವ ವೇಗ ಹದಿನೆಂಟು ಹತ್ತೊಂಬತ್ತಕ್ಕೆ ಮುಗಿಲು ಮುಟ್ಟಿ ಇಳಿಯತೊಡಗುತ್ತದೆ. ಎದುರಿನವರ ಕಣ್ಣು ನೋಡಿ ಮನಸ್ಸನ್ನು ಓದುವ ಶಕ್ತಿ ನಲವತ್ತು ಐವತ್ತರಲ್ಲಿ ಮೇಲಿರುತ್ತದೆ. ಶಬ್ದಸಂಪತ್ತು ಅರವತ್ತು ದಾಟಿದ ಮೇಲೂ ಏರುತ್ತದೆ.

ಹಾಗಾದರೆ ನಾವು ಮುದುಕರು ದಡ್ಡರಂತೆ ಕಾಣುವುದೇಕೆ? ಅಳೆಯುವವನ ಕೈಯಲ್ಲಿರುವುದು ಗಡಿಯಾರ, ಅದಕ್ಕೆ. ನಮ್ಮ ಶಿಕ್ಷಣ ವ್ಯವಸ್ಥೆಯು ಬುದ್ಧಿಯೆಂದರೆ ಮೂರು ಗಂಟೆಯಲ್ಲಿ ಎಷ್ಟು ಬರೆದೆ ಎಂಬುದಷ್ಟೇ ಎಂದು ನಾಡಿಗೆಲ್ಲ ಕಲಿಸಿದೆ. ಗಂಟೆ ಬಾರಿಸಿದ ಕೂಡಲೇ ಉತ್ತರಪತ್ರಿಕೆ ಕಿತ್ತುಕೊಳ್ಳುವ ಆ ಅಳತೆಗೋಲನ್ನು ನಾವು ಮನೆಗೂ ತಂದಿದ್ದೇವೆ. ಅಜ್ಜ ಒಂದು ಪ್ರಶ್ನೆಗೆ ಉತ್ತರಿಸಲು ಎಂಟು ಸೆಕೆಂಡು ತೆಗೆದುಕೊಂಡರೆ ಐದನೆಯ ಸೆಕೆಂಡಿನಲ್ಲಿ ಮೊಮ್ಮಗ ಉತ್ತರಿಸಿ ಮುಗಿಸಿರುತ್ತಾನೆ. ಬ್ಯಾಂಕಿನ ಓಟಿಪಿಯೂ ಅಷ್ಟೇ, ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಅವಧಿ ಮುಗಿಯಿತು ಎನ್ನುತ್ತದೆ. ವೇಗ ಕಡಿಮೆಯಾಗುತ್ತದೆ, ಇದು ಸತ್ಯ. ನಿಧಾನವಾದವನೆಲ್ಲ ಮರುಳನೆಂಬುದು ಸುಳ್ಳು.

ನೆನಪಿನ ವಿಷಯವೂ ಹೀಗೆಯೇ. 1975ರಲ್ಲಿ ಹ್ಯಾರಿ ಬಾಹ್ರಿಕ್ ಮತ್ತು ಸಂಗಡಿಗರು 17ರಿಂದ 74 ವರ್ಷದ 392 ಜನರಿಗೆ ಅವರವರ ಹೈಸ್ಕೂಲು ಸಹಪಾಠಿಗಳ ಭಾವಚಿತ್ರಗಳನ್ನು ತೋರಿಸಿದರು. ಶಾಲೆ ಬಿಟ್ಟು ಮೂವತ್ತೈದು ವರ್ಷಗಳಾದವರೂ ನೂರಕ್ಕೆ ಸುಮಾರು ತೊಂಬತ್ತು ಮುಖಗಳನ್ನು ಗುರುತಿಸಿದರು! ಆದರೆ ಯಾವ ಸುಳಿವೂ ಇಲ್ಲದೆ ಹೆಸರುಗಳನ್ನು ತಾವೇ ಹೇಳಿರೆಂದಾಗ ಸೋತರು. ಆ ಸೋಲು ಶಾಲೆ ಬಿಟ್ಟ ಕೆಲವೇ ವರ್ಷಗಳಿಂದ ಶುರುವಾಗಿತ್ತು. ಉಗ್ರಾಣದಲ್ಲಿ ಸಾಮಾನು ಇದೆ, ಬೀಗದ ಕೈ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದಷ್ಟೇ ಇದರ ಅರ್ಥ. ಹೆಸರುಗಳೇ ಏಕೆ ಕೈಕೊಡುತ್ತವೆ? ಹೆಸರಿಗೆ ಅರ್ಥದ ಆಧಾರವಿಲ್ಲ. "ಇವರು ದೇವಸ್ಥಾನದ ಪೂಜಾರಿ" ಎಂದರೆ ಗರ್ಭಗುಡಿ, ಆರತಿ, ಗಂಧದ ವಾಸನೆಗಳೆಲ್ಲ ಆ ಮುಖಕ್ಕೆ ಅಂಟಿಕೊಳ್ಳುತ್ತವೆ. "ಇವರ ಹೆಸರು ಪೂಜಾರಿ" ಎಂದರೆ ಅಂಟಿಕೊಳ್ಳಲು ಏನೂ ಇಲ್ಲ. ಒಂದೇ ಪದವು ವೃತ್ತಿಯಾಗಿ ನೆನಪುಳಿಯುತ್ತದೆ, ಹೆಸರಾಗಿ ಜಾರಿಹೋಗುತ್ತದೆ ಎಂಬುದನ್ನು ಬ್ರಿಟನ್ನಿನ ಸಂಶೋಧಕರು 1987ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದಾರೆ. ಆದ್ದರಿಂದ ನಲವತ್ತೈದರ ಶಿಷ್ಯರೇ, ಹೆಸರು ಮರೆತದ್ದಕ್ಕೆ ಇಷ್ಟು ಹೆದರಬೇಡಿ.

ಇನ್ನೊಂದು ಪ್ರಯೋಗವನ್ನು ನಾನು ಓದಿದಾಗ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. 2001ರಲ್ಲಿ ರಹಾಲ್, ಹ್ಯಾಶರ್, ಕೋಲ್ಕೂಂಬ್ ಎಂಬವರು ಯುವಕರಿಗೂ ವೃದ್ಧರಿಗೂ ಕೆಲವು ಸಂಗತಿಗಳನ್ನು ಕಲಿಸಿ, ಯಾವುದು ಸರಿ ಯಾವುದು ತಪ್ಪು ಎಂದು ಆಮೇಲೆ ಕೇಳಿದರು. "ಇದು ನೆನಪಿನ ಪರೀಕ್ಷೆ" ಎಂದು ಒತ್ತಿ ಹೇಳಿದಾಗ ವೃದ್ಧರು ಹಿಂದೆ ಬಿದ್ದರು. ನೆನಪೆಂಬ ಮಾತನ್ನು ಎತ್ತದೆ ಅದೇ ಕೆಲಸ ಕೊಟ್ಟಾಗ ಆ ಅಂತರವೇ ಕಾಣಿಸಲಿಲ್ಲ. ಗಾದೆ ಮಾಡುವ ಕೆಲಸ ಗೊತ್ತಾಯಿತಲ್ಲ? "ನಿನಗೆ ಬರುವುದಿಲ್ಲ" ಎಂದು ಬೆಂಚಿನ ಮೇಲೆ ನಿಲ್ಲಿಸಿದ ಮಗುವಿಗೆ ಬಂದದ್ದೂ ಬಾರದಂತಾಗುವುದನ್ನು ಶಾಲೆಯಲ್ಲಿ ಕಾಣದ ಶಿಕ್ಷಕನಿಲ್ಲ. ಈ ಗಾದೆಯು ಇಡೀ ಒಂದು ಪೀಳಿಗೆಯನ್ನು ಬೆಂಚಿನ ಮೇಲೆ ನಿಲ್ಲಿಸಿದೆ.

ನಮ್ಮ ನಾಡಿನ ಉದಾಹರಣೆಗಳಿಗೆ ಕೊರತೆಯೆ? ಕುವೆಂಪು ಅವರ "ಮಲೆಗಳಲ್ಲಿ ಮದುಮಗಳು" ಪ್ರಕಟವಾದಾಗ, 1967ರಲ್ಲಿ, ಅವರಿಗೆ ಅರವತ್ತೆರಡು. ಶಿವರಾಮ ಕಾರಂತರು "ಮೂಕಜ್ಜಿಯ ಕನಸುಗಳು" ಪ್ರಕಟಿಸಿದ್ದು 1968ರಲ್ಲಿ, ಅರವತ್ತರ ನಡುಭಾಗ ದಾಟಿದ ಮೇಲೆ. ಅದರ ನಾಯಕಿಯಾದರೂ ಎಲ್ಲರಿಗಿಂತ ಚುರುಕಾದ ಒಬ್ಬ ಮುದುಕಿ. ಎ.ಎನ್. ಮೂರ್ತಿರಾಯರ "ದೇವರು" ಬಂದದ್ದು 1991ರಲ್ಲಿ, ಅವರು ತೊಂಬತ್ತು ದಾಟಿದ್ದಾಗ. ಅದೇ ವರ್ಷ ಪ್ರಜಾವಾಣಿಯಲ್ಲಿ "ಇಗೋ ಕನ್ನಡ" ಅಂಕಣವನ್ನು ಆರಂಭಿಸಿದ ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿದವರು. 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬೇಂದ್ರೆಯವರಂತೂ ಈ ಗಾದೆಯನ್ನೇ ಹಿಡಿದು ತಿರುಗಿಸಿ "ಅರಳು ಮರಳು" ಎಂದು ಸಂಕಲನಕ್ಕೆ ಹೆಸರಿಟ್ಟರು. ಮತ್ತೆ ಅರಳುವುದು ಎಂಬ ಧ್ವನಿ ಅದರಲ್ಲಿ ಕೇಳಿಸುತ್ತದೆ. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೂ ಅರವತ್ತೆರಡು.

"ಇವರೆಲ್ಲ ಮಹಾನುಭಾವರು, ಅಪವಾದಗಳು" ಎನ್ನುತ್ತೀರಿ. ಗಣಿತದವನಾಗಿ ಉತ್ತರಿಸುತ್ತೇನೆ. ಕೆಲವು ಉದಾಹರಣೆಗಳಿಂದ ಪ್ರಮೇಯವೊಂದು ಸಿದ್ಧವಾಗುವುದಿಲ್ಲ, ಒಪ್ಪಿದೆ. ಆದರೆ ಪ್ರಮೇಯವನ್ನು ಕೆಡವಲು ಒಂದೇ ಪ್ರತ್ಯುದಾಹರಣೆ ಸಾಕು. "ಅರವತ್ತಕ್ಕೆ" ಎಂದು ಯಾವ ವಿನಾಯಿತಿಯನ್ನೂ ಕೊಡದೆ ಘೋಷಿಸಿದ್ದು ಗಾದೆ, ನಾನಲ್ಲ.

ಇಷ್ಟು ಬರಿಯ ವಾದವಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನಗೆ ಪರಿಚಯವಿದ್ದ ನಿವೃತ್ತ ಗುಮಾಸ್ತರೊಬ್ಬರು ಕೇಳಿದ್ದೊಂದು, ಹೇಳಿದ್ದೊಂದು ಎಂಬಂತೆ ಉತ್ತರಿಸತೊಡಗಿದರು. ಊಟ ಮಾಡಿದಿರಾ ಎಂದರೆ ನಾಳೆ ಎನ್ನುವರು. ಮನೆಯವರು ಅರಳು ಮರುಳು ಎಂದು ತೀರ್ಮಾನಿಸಿದರು, ಸೊಸೆಯರು ಬಾಯಿಗೆ ಸೆರಗು ಹಿಡಿದು ನಕ್ಕರು. ವರ್ಷದೊಳಗೆ ಪಿಂಚಣಿಯ ಪಾಸ್‌ಬುಕ್ಕು ಅವರ ಕೈತಪ್ಪಿತು. ಬಳಿಕ ಹೊಲದ ಕಾಗದಗಳು, ಕೊನೆಗೆ ಮನೆಯ ಮಾತುಕತೆಗಳೂ. ಎರಡು ವರ್ಷಗಳ ಮೇಲೆ ಯಾರೋ ಕಿವಿಯ ವೈದ್ಯರ ಬಳಿಗೆ ಕರೆದೊಯ್ದರು. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಅಷ್ಟೇ! ಶ್ರವಣಯಂತ್ರ ಹಾಕಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, ಹೊಲ ಯಾರ ಹೆಸರಿನಲ್ಲಿದೆ ಎಂಬುದು. ಉತ್ತರ ಹೇಳಲು ಮಕ್ಕಳಿಗೆ ಬಾಯಿರಲಿಲ್ಲ.

ಇದಕ್ಕೆ ತೀರ ವಿರುದ್ಧವಾದದ್ದೂ ನಡೆಯುತ್ತದೆ, ಅದು ಇನ್ನೂ ಘೋರ. ನಮ್ಮ ಬೀದಿಯ ವೃದ್ಧೆಯೊಬ್ಬರು ಮೊದಲು ಒಲೆಯ ಮೇಲೆ ಹಾಲಿಟ್ಟು ಮರೆತರು. ಅದು ಎಲ್ಲರಿಗೂ ಆಗುತ್ತದೆ. ಅನಂತರ ಹಾಲು ಕಾಯಿಸುವುದು ಹೇಗೆಂಬುದೇ ಅವರಿಗೆ ತೋಚದಾಯಿತು. ನಲವತ್ತು ವರ್ಷ ನಡೆದ ದಾರಿಯಲ್ಲಿ ನಿಂತು ಮನೆ ಯಾವ ಕಡೆ ಎಂದು ಕೇಳಿದರು. ಸಂಜೆಯಾದರೆ ತೀರಿಹೋದ ತಾಯಿಗಾಗಿ ಬಾಗಿಲು ಕಾಯುತ್ತಿದ್ದರು. ಮನೆಯವರು ಕೆಟ್ಟವರಲ್ಲ, ಪ್ರೀತಿಯಿಂದಲೇ "ವಯಸ್ಸಾಯಿತಲ್ಲ, ಅರಳು ಮರುಳು" ಎಂದುಕೊಂಡರು. ಒಂದು ಮಳೆಯ ರಾತ್ರಿ ಅವರು ಕಾಣೆಯಾಗಿ, ಬೆಳಗಿನ ಜಾವ ಬಸ್ ನಿಲ್ದಾಣದಲ್ಲಿ ಸಿಕ್ಕಿದ ಮೇಲೆಯೇ ವೈದ್ಯರನ್ನು ಕಂಡದ್ದು. ಅದು ಡಿಮೆನ್ಶಿಯಾ. ಮುಪ್ಪಲ್ಲ, ರೋಗ. ಮೂರು ವರ್ಷಗಳನ್ನು ಗಾದೆಯು ತಿಂದುಹಾಕಿತ್ತು.

ನಮ್ಮ ದೇಶದಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು ಮಂದಿಗೆ, ಒಟ್ಟು ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಶಿಯಾ ಇದೆ. ಈ ಅಂಕಿಯನ್ನು ಎರಡೂ ಕಡೆಯಿಂದ ಓದಿ. ನೂರರಲ್ಲಿ ತೊಂಬತ್ತೆರಡು ಮಂದಿಗೆ ಆ ರೋಗವಿಲ್ಲ. ಅವರನ್ನು ಮರುಳರೆನ್ನುವುದು ಅನ್ಯಾಯ. ಉಳಿದ ಏಳೆಂಟು ಮಂದಿಗೆ ಬೇಕಾದದ್ದು ವೈದ್ಯರು. ಅವರಿಗೆ ಗಾದೆ ಕೊಟ್ಟು ಕೂರಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ. ಜೀವಸತ್ವ ಬಿ12ರ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ನಿದ್ದೆಮಾತ್ರೆಗಳು ಸಹ ಮರೆವನ್ನು ತರುತ್ತವೆ, ಇವುಗಳಲ್ಲಿ ಬಹಳಷ್ಟಕ್ಕೆ ಮದ್ದಿದೆ. 2024ರ ಲ್ಯಾನ್ಸೆಟ್ ಆಯೋಗದ ವರದಿಯು ಹದಿನಾಲ್ಕು ಅಪಾಯಕಾರಣಗಳನ್ನು ಪಟ್ಟಿಮಾಡಿ, ಅವನ್ನು ನಿವಾರಿಸಿದರೆ ಪ್ರಪಂಚದ ಡಿಮೆನ್ಶಿಯಾದಲ್ಲಿ ಸುಮಾರು ನೂರಕ್ಕೆ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ ಎಂದಿದೆ. ರಕ್ತದೊತ್ತಡ, ಸಕ್ಕರೆ, ಧೂಮಪಾನ ನಿಮಗೆ ಗೊತ್ತಿರುವವೇ. ಪಟ್ಟಿಯಲ್ಲಿ ಕಿವುಡೂ ಇದೆ, ದೃಷ್ಟಿಮಾಂದ್ಯವಿದೆ, ಒಂಟಿತನವಿದೆ, ಬಾಲ್ಯದಲ್ಲಿ ಶಾಲೆ ಸಿಗದಿದ್ದುದೂ ಇದೆ. ಕೊನೆಯದನ್ನು ಓದಿದಾಗ, ಏಳನೆಯ ತರಗತಿಗೇ ಶಾಲೆ ಬಿಡಿಸಿ ಕಳಿಸಿದ ಎಷ್ಟೋ ಹೆಣ್ಣುಮಕ್ಕಳ ಮುಖಗಳು ಎದುರಿಗೆ ಬಂದವು.

ಸಮಾಧಾನ ತರುವ ಸಂಗತಿಯೂ ಇಲ್ಲದಿಲ್ಲ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಬರೆದದ್ದೇನೆಂದರೆ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಿಗೆ ರೋಗವು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಅಕ್ಷರವೇ ಅರಿಯದವರಲ್ಲಿಯೂ ಈ ವ್ಯತ್ಯಾಸ ಕಂಡಿತು. ಎಲ್ಲ ದೇಶಗಳ ಅಧ್ಯಯನಗಳೂ ಇದನ್ನು ಒಂದೇ ಬಲದಿಂದ ಎತ್ತಿಹಿಡಿದಿಲ್ಲ. ಆದರೂ ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಅಂಗಡಿಯಲ್ಲಿ ಕೊಂಕಣಿ ಆಡುವ ನಮ್ಮ ಕರಾವಳಿಯ ಅಜ್ಜಿಯರು ನೆನಪಾಗುತ್ತಾರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ನಲವತ್ತೈದು ದಾಟಿದ ಹಳ್ಳಿಗರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನವೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಕೈಗೊಂಡಿದ್ದಾರೆ. ಹತ್ತು ಸಾವಿರ ಜನರ ಗುರಿ. ಮಾವಿನ ಸೀಮೆಯ ರೈತರ ಮುಪ್ಪನ್ನು ಸಿಯಾಟಲ್ಲಿನ ಲೆಕ್ಕದಿಂದ ಊಹಿಸುವ ಗತಿ ಇನ್ನಾದರೂ ತಪ್ಪೀತು.

ಈ ಭಯವನ್ನು ಮಾರಿ ಬದುಕುವವರ ಬಗ್ಗೆ ಒಂದೇ ಮಾತು. ನೆನಪಿನ ಮಾತ್ರೆ, ನೆನಪಿನ ಲೇಹ್ಯ, ಮೊಬೈಲಿನಲ್ಲಿ ಮಿದುಳಿನ ವ್ಯಾಯಾಮದ ಆಟ... ನನಗೂ ವಾಟ್ಸಾಪಿನಲ್ಲಿ ದಿನವೂ ಬರುತ್ತವೆ. ಇಂಥ ಆಟಗಳ ಹೆಸರಾಂತ ಕಂಪನಿಯೊಂದು ಮುಪ್ಪಿನ ಮರೆವನ್ನು ತಡೆಯುತ್ತೇವೆಂದು ಆಧಾರವಿಲ್ಲದೆ ಜಾಹೀರಾತು ಮಾಡಿತೆಂಬ ಆರೋಪದ ಮೇಲೆ 2016ರಲ್ಲಿ ಅಮೆರಿಕದಲ್ಲಿ ಇಪ್ಪತ್ತು ಲಕ್ಷ ಡಾಲರ್ ತೆರಬೇಕಾಯಿತು. ಆ ದುಡ್ಡಿನಲ್ಲಿ ನಿಮ್ಮ ತಂದೆಗೆ ಒಂದು ಒಳ್ಳೆಯ ಕನ್ನಡಕ ಕೊಡಿಸಿ. ಕಿವಿ ತೋರಿಸಿ. ಅವರ ಪಕ್ಕದಲ್ಲಿ ಕುಳಿತು ಓಟಿಪಿ ಹಾಕುವುದನ್ನು ಕಲಿಸಿ, ಕೈಯಿಂದ ಫೋನು ಕಸಿದುಕೊಂಡು ನೀವೇ ಮಾಡಬೇಡಿ. ಮೂರು ಸಲ ಹೇಳಿಕೊಡಬೇಕಾದೀತು. ನಿಮಗೆ ಮಗ್ಗಿ ಎಷ್ಟು ಸಲ ಹೇಳಿಕೊಟ್ಟೆ ಎಂಬ ಲೆಕ್ಕ ನಾನು ತೆಗೆಯುವುದಿಲ್ಲ.

ನಾನು ಈ ವರ್ಷ ತಿಗಳಾರಿ ಲಿಪಿ ಕಲಿಯುತ್ತಿದ್ದೇನೆ. ಒಂದು ಸಾಲು ಓದಲು ಹತ್ತು ನಿಮಿಷ ಹಿಡಿಯುತ್ತದೆ, ಮೊನ್ನೆ ಕಲಿತ ಒತ್ತಕ್ಷರ ಇಂದು ಇರುವುದಿಲ್ಲ, ಮತ್ತೆ ನೋಡಿಕೊಳ್ಳುತ್ತೇನೆ. ಇನ್ನೊಂದು ವಿಜ್ಞಾಪನೆ. ಎಲ್ಲಾದರೂ ಮದುವೆ ಮನೆಯಲ್ಲಿ ಸಿಕ್ಕಾಗ "ನಾನು ಯಾರು ಹೇಳಿ ನೋಡೋಣ ಸಾರ್" ಎಂದು ಪರೀಕ್ಷೆ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಹೆಸರನ್ನೂ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವನ್ನೂ ನೀವೇ ಹೇಳಿಬಿಡಿ. ಯಾವ ಬೆಂಚಿನಲ್ಲಿ ಕೂರುತ್ತಿದ್ದಿರಿ, ಯಾರ ಲೆಕ್ಕ ನೋಡಿ ಬರೆಯುತ್ತಿದ್ದಿರಿ ಎಂಬುದನ್ನು ಆಮೇಲೆ ನಾನು ಹೇಳುತ್ತೇನೆ.